ಇಪ್ಪತ್ತೊಂದು ಮನಿ ಅರಿಬಿ

ನಮ್ಮ ಗುಂಪಿನ ಮೂರನೆಯ ನಿಯಮ ಬರೆದವಳು ನಾನೇ. ‘ಇಲ್ಲಿ ಯಾರೂ ಯಾರಿಂದಲೂ ಏನನ್ನೂ ಬೇಡಬಾರದು.’ ಹಿಂದೊಮ್ಮೆ ಯಾರೋ ಒಬ್ಬಳು ಸುಳ್ಳು ಕಥೆ ಹೇಳಿ ನಾಲ್ಕು ಜನರಿಂದ ಒಳ್ಳೊಳ್ಳೆಯ ಸೀರೆ ತರಿಸಿಕೊಂಡು ಮಾಯವಾಗಿದ್ದಳು. ಆಮೇಲೆ ಎರಡು ದಿನ ಕೂತು, ಎಂಟು ಸಲ ತಿದ್ದಿ, ಆ ವಾಕ್ಯ ಬರೆದಿದ್ದೆ. ಬರೆದಾಗ ಬಹಳ ಗಟ್ಟಿಯಾಗಿದೆ ಅನ್ನಿಸಿತ್ತು.

ಗುಂಪಿನ ಹೆಸರು ‘ಸೂಜಿ ದಾರ’. ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ನೂರಾ ಎಂಬತ್ತಾರು ಹೆಂಗಸರು ವಾಟ್ಸಾಪಿನಲ್ಲಿ ಸೇರಿ ತಮ್ಮ ತಮ್ಮ ಕೌದಿಗಳ ಫೋಟೋ ಹಾಕುತ್ತಾರೆ, ಅಂಚು ಮಡಿಸುವುದು ಹೇಗೆ, ಬಣ್ಣ ಬಿಡುವ ಬಟ್ಟೆ ಯಾವುದು ಎಂದು ಕೇಳುತ್ತಾರೆ. ನಾನು ಅದರ ಅಡ್ಮಿನ್. ಹೆಸರು ನಾಜಿಯಾ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಬಿ.ಎ. ಓದಿದ್ದೇನೆ, ಅದಕ್ಕೇ ನನ್ನನ್ನು ಅಡ್ಮಿನ್ ಮಾಡಿದರು ಎಂದು ಕಾಣುತ್ತದೆ. ಯಾರಿಗೂ ನೋವಾಗದ ಹಾಗೆ ಬರೆಯಬೇಕು ಎಂಬುದು ನನ್ನ ಆಸೆ. ನನ್ನ ರೋಗವೂ ಅದೇ.

ಒಂದು ಬುಧವಾರ, ಅನ್ನಕ್ಕೆ ಇಟ್ಟು ಫೋನು ನೋಡುತ್ತಿದ್ದೆ. ಬಬಲೇಶ್ವರದಲ್ಲಿ ಟೇಲರಿಂಗ್ ಮಾಡುವ ಮಿನಾಜ ಒಂದು ಹೊಸ ನಂಬರನ್ನು ಗುಂಪಿಗೆ ಸೇರಿಸಿದಳು. ಇವರು ಯಾರು, ಎಲ್ಲಿಯವರು ಎಂದು ಒಂದು ಮಾತು ಬರೆಯದೆ ತನ್ನ ಮಷಿನ್ನಿಗೆ ಹೋಗಿ ಕೂತಿರಬೇಕು. ಹೊಸ ನಂಬರಿನಿಂದ ಮೊದಲು ಒಂದು ಫೋಟೋ ಬಂತು. ಅದರಲ್ಲಿ ಅರ್ಧ ಹೆಬ್ಬೆರಳು, ಅರ್ಧ ತಗಡಿನ ಸೂರು. ಆಮೇಲೆ ಒಂದರ ಹಿಂದೆ ಒಂದು ಧ್ವನಿ ಸಂದೇಶ. ಮೊದಲನೆಯದರಲ್ಲಿ ಹುಂಜದ ಕೂಗು. ಎರಡನೆಯದರಲ್ಲಿ ಆಡು. ಮೂರನೆಯದರಲ್ಲಿ ಏದುಸಿರು, ಮತ್ತೆ ಹುಂಜ. ನಾಲ್ಕನೆಯದರಲ್ಲಿ ಒಂದು ಮುದಿ ದನಿ: “ಹೋತೇನ ಇದು? ಹಲೋ… ಹೋತೋ ಇಲ್ಲೋ?”

ನಾನು ಉತ್ತರ ಬರೆಯತೊಡಗಿದೆ. ‘ತಮಗೆ ಆದರದ ಸ್ವಾಗತ.’ ಮದುವೆ ಮಂಟಪದ ಬಾಗಿಲಿನ ಬೋರ್ಡಿನ ಹಾಗಾಯಿತು ಎಂದು ಅಳಿಸಿದೆ. ‘ಬನ್ನಿ ಅಕ್ಕಾ’ ಎಂದು ಬರೆದೆ. ದನಿ ಕೇಳಿದರೆ ವಯಸ್ಸಾದವರು. ಅಕ್ಕಾ ಅಂದರೆ ತಪ್ಪು ತಿಳಿದಾರು. ಅಳಿಸಿದೆ.

ಅಷ್ಟರಲ್ಲಿ ಗುಂಪಿನಲ್ಲಿ ಕಸ್ತೂರಿ ಕಾಣಿಸಿಕೊಂಡಳು. ಗೋಳಗುಮ್ಮಟದ ಹತ್ತಿರ ಬ್ಲೌಸ್ ಪೀಸು, ಬಳೆಗಳ ಅಂಗಡಿ ಇಟ್ಟಿದ್ದಾಳೆ. ಸೂಜಿಗಿಂತ ನಾಲಗೆ ಚುರುಕು. ಬರೆದಳು: “ಯಾರಬೇ ಇವರು? ಗುಂಪಿನ್ಯಾಗ ಕೋಳಿ ಬಿಟ್ಟಾರಲ್ಲ!”

ನಗುವ ಮುಖಗಳು ಸಾಲಾಗಿ ಬಂದವು. ನಾನು ಎಣಿಸಿದೆ, ಮೂವತ್ತೊಂದು. ಆ ನಗುವಿನ ಕೆಳಗೆ ಐದನೆಯ ಧ್ವನಿ ಸಂದೇಶ ಬಂತು. ಈ ಸಲ ದನಿ ಸ್ವಚ್ಛವಾಗಿತ್ತು, ಕೇಳುತ್ತಿದ್ದದ್ದು ಬಟ್ಟೆ.

“ಒಂದೊಂದು ತುಂಡು ಅರಿಬಿ ಬೇಡಾಕ ಬಂದೇನ್ರೆವ್ವಾ. ಹಳೇದಿದ್ರೂ ನಡೀತೈತಿ. ಇಲ್ಲ ಅನಬ್ಯಾಡ್ರಿ.”

ಕಸ್ತೂರಿ ನನ್ನ ಮೂರನೆಯ ನಿಯಮವನ್ನು ಹಾಗೇ ಎತ್ತಿ ಅದರ ಕೆಳಗೆ ಹಾಕಿದಳು. “ಮೊದ್ಲ ನಿಯಮ ಓದ್ರಿ” ಎಂದೂ ಸೇರಿಸಿದಳು. ಆಮೇಲೆ ಬೂದು ಬಣ್ಣದ ಸಣ್ಣ ಗೆರೆ: ಆ ನಂಬರು ಗುಂಪು ಬಿಟ್ಟು ಹೋಗಿತ್ತು. ನನ್ನ ಪರದೆಯ ಮೇಲೆ ಮತ್ತೆ ಬರೆಯತೊಡಗಿದ್ದ ‘ತಮಗೆ’ ಎಂಬ ಒಂದು ಪದ ಮಾತ್ರ ಇತ್ತು.

ನನ್ನ ಅತ್ತೆ ರಾಜಬಿ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಿಕೋಟಾದಲ್ಲಿ ಹುಟ್ಟಿ ಬೆಳೆದವರು. “ಇನ್ನೊಮ್ಮೆ ಹಚ್ಚು ಅದನ್ನ” ಎಂದರು. ಹಚ್ಚಿದೆ. ಕೇಳಿ, ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

“ಏನ ಮಾಡಿದ್ರಿಬೇ ನೀವು? ಆಕಿ ಭಿಕ್ಷಾ ಬೇಡಾಕ ಬಂದಿಲ್ಲ. ಕೂಸಿನ ಕೌದಿಗೆ ಅರಿಬಿ ಬೇಡಾಕ ಬಂದಾಳ.”

“ಅಂದರ?”

“ಭಾಳ ವರ್ಷಕ್ಕ ಹುಟ್ಟಿದ ಕೂಸನ್ನ ಕೊಂಡ ಅರಿಬಿ ಮ್ಯಾಲ ಮಲಗಸಾಂಗಿಲ್ಲ. ಇಪ್ಪತ್ತೊಂದು ಮನಿ ಅರಿಬಿ ಬೇಡಿ ತಂದು ಕೌದಿ ಹೊಲೀಬೇಕು. ಆಗ ಆ ಕೂಸು ಒಂದ ಮನೀದಲ್ಲ, ಊರಿಂದು. ದೃಷ್ಟಿ ತಾಗೂದಿಲ್ಲ.” ಬೆಳ್ಳುಳ್ಳಿ ಮತ್ತೆ ಎತ್ತಿಕೊಂಡು ಹೇಳಿದರು. “ನಿನ್ನ ಗಂಡ ರಿಜ್ವಾನ ಮಲಗಿದ್ದು ಎದರಾಗ ಅಂತ ಮಾಡೀದಿ? ನಾ ಖುದ್ದ ಸೆರಗೊಡ್ಡಿ ತಿಕೋಟಾದ ಓಣಿ ಓಣಿ ತಿರಗೇನಿ. ಯಾ ಜಾತಿ ಮನಿಯವರೂ ಇಲ್ಲ ಅಂದಿಲ್ಲ. ಬೇಡಾಕ ಬಂದಾಕಿಗೆ ಮೊದ್ಲ ನೀರು, ಆಮ್ಯಾಲ ಅರಿಬಿ.”

ಕುಕ್ಕರು ಮೂರು ಸಲ ಕೂಗಿದರೂ ನಾನು ಏಳಲಿಲ್ಲ.

ಅಪರಿಚಿತರಿಗೆ ಫೋನು ಮಾಡುವುದೆಂದರೆ ನನಗೆ ಆಗದು. ಹೇಳಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆ ನಂಬರಿಗೆ ಹಚ್ಚಿದೆ. ಒಬ್ಬ ಗಂಡಸು ಎತ್ತಿದ.

“ನಮಸ್ಕಾರ. ನಾನು ವಿಜಯಪುರದಿಂದ ಮಾತಾಡುತ್ತಿದ್ದೇನೆ. ತಾವು ಎರಡು ನಿಮಿಷ ಸಮಯ ಕೊಟ್ಟರೆ…”

“ನಮಗ ಯಾವ ಲೋನೂ ಬ್ಯಾಡ್ರಿ” ಎಂದು ಇಟ್ಟುಬಿಟ್ಟ.

ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು ಮತ್ತೆ ಹಚ್ಚಿಸಿದರು. “ಏ ತಮ್ಮಾ, ಬ್ಯಾಂಕ ಅಲ್ಲೋ. ನಿಮ್ಮವ್ವ ಅರಿಬಿ ಬೇಡಾಕ ಬಂದಿದ್ಲಲ್ಲ, ಆ ಮನಿಯವರು.”

ಆ ಕಡೆ ನಗು. ಅವನ ಹೆಸರು ಗೊಲ್ಲಾಳಪ್ಪ. ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ, ದ್ರಾಕ್ಷಿ ತೋಟಗಳ ಆಚೆ, ಹೊಲದಲ್ಲೇ ಮನೆ. ಸ್ವಲ್ಪ ಹೊಲ, ನಲವತ್ತು ಕುರಿ, ಆರು ಆಡು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡು ಮಗು ಹುಟ್ಟಿದೆ. ಬರುವ ಸೋಮವಾರ ತೊಟ್ಟಿಲಿಗೆ ಹಾಕುವುದು. ತಾಯಿ ರಾಚವ್ವನಿಗೆ ಮೊಣಕಾಲು ನೋವು, ಊರೂರು ತಿರುಗಲು ಆಗುವುದಿಲ್ಲ. ಸುತ್ತಲಿನ ಹೊಲದ ಮನೆಗಳು ಒಂಬತ್ತೇ, ಅಲ್ಲಿ ಬೇಡಿ ತಂದಾಗಿದೆ.

“ಫೋನಿನ್ಯಾಗ ಒಂದ ದೊಡ್ಡ ಓಣಿ ಐತಿ, ನೂರಾ ಎಂಬತ್ತು ಮನಿ ಅದಾವ ಅಂತ ಮಿನಾಜಕ್ಕ ಹೇಳಿದ್ಲರಿ. ಅದಕ್ಕ ಅವ್ವ ಹೊಸ ಸೀರಿ ಉಟ್ಕೊಂಡು ಬೇಡಾಕ ನಿಂತಿದ್ಲು.”

“ಈಗ ಏನಂತಾಳ?” ಎಂದರು ಅತ್ತೆ.

“ಬಾಗಿಲಾ ಹಾಕಿದ ಓಣಿಗೆ ಮತ್ತ ಹೋಗಾಂಗಿಲ್ಲ ಅಂತಾಳ್ರಿ. ಬೇಡಿದಾಗ ಇಲ್ಲ ಅನಿಸ್ಕೊಂಡಿದ್ದು ಕೂಸಿಗೆ ಚಲೋ ಅಲ್ಲಂತ. ಚಾ ಕೊಟ್ರ ಅದೂ ಒಲ್ಲೆ ಅಂದ್ಲು.”

ಇಷ್ಟು ಆದಮೇಲೆ ತಿದ್ದುತ್ತ ಕೂರುವ ಧೈರ್ಯ ನನಗೆ ಉಳಿಯಲಿಲ್ಲ. ಜೀವನದಲ್ಲಿ ಮೊದಲ ಸಲ ಗುಂಪಿಗೆ ಧ್ವನಿ ಸಂದೇಶ ಕಳಿಸಿದೆ. ಏನು ಹೇಳಿದೆ ಎಂದು ಈಗ ಕೇಳಿದರೆ ನಾಚಿಕೆಯಾಗುತ್ತದೆ. ಅರ್ಧ ಪುಸ್ತಕದ ಭಾಷೆ, ಅರ್ಧ ಮನೆಯ ಭಾಷೆ, ನಡುವೆ ಕುಕ್ಕರಿನ ಸೀಟಿ. ಆದರೆ ಹೇಳಬೇಕಾದದ್ದು ಹೇಳಿದೆ: ಬಂದವರು ಯಾರು, ಯಾಕೆ ಬಂದಿದ್ದರು, ನಾವು ಏನು ಮಾಡಿದೆವು.

ಕಸ್ತೂರಿ ಗುಂಪಿನಲ್ಲಿ ಉತ್ತರಿಸಲಿಲ್ಲ. ನೇರವಾಗಿ ಫೋನು ಮಾಡಿದಳು.

“ನಾಜಿಯಾ, ನನ್ನ ನಾಲಗೀಗೆ ಬೆಂಕಿ ಬಿತ್ತು. ನಮ್ಮ ಅಜ್ಜಿನೂ ಹಿಂಗ ಬೇಡಿದ್ಲಂತಬೇ, ನನ್ನ ಸಲುವಾಗಿ. ಅಂಗಡ್ಯಾಗ ಕುಂತು ಕುಂತು ಮರತಬಿಟ್ಟೆ. ಎಲ್ಲಾರಿಗೂ ಹೇಳು, ಅರಿಬಿ ನನ್ನ ಅಂಗಡೀಗೆ ತಂದು ಕೊಡಲಿ. ಶುಕ್ರವಾರ ನಾವಿಬ್ರೂ ಹೋಗಿ ಮುಟ್ಟಿಸಿ ಬರೂನು.”

ಹನ್ನೆರಡು ತುಂಡು ಸಾಕಿತ್ತು, ಮೂವತ್ನಾಲ್ಕು ಬಂದವು. ಇಳಕಲ್ ಸೀರೆಯ ಸೆರಗು, ಶಾಲೆಯ ಸಮವಸ್ತ್ರದ ನೀಲಿ, ಯಾರದೋ ಮಾವನ ಹಳೆಯ ಲುಂಗಿ. ನಾನು ಒಂದೊಂದಕ್ಕೂ ಮನೆಯ ಹೆಸರು ಬರೆದು ಚೀಟಿ ಚುಚ್ಚಿದೆ.

“ಜನಗಣತಿಗೆ ಹೊಂಟೀವೇನು?” ಎಂದಳು ಕಸ್ತೂರಿ, ತಿಕೋಟಾದ ಬಸ್ಸಿನಲ್ಲಿ ನನ್ನ ಚೀಟಿಗಳನ್ನು ನೋಡಿ.

ತಿಕೋಟಾದ ಸ್ಟ್ಯಾಂಡಿಗೆ ಗೊಲ್ಲಾಳಪ್ಪ ಪರಿಚಯದವರ ಟಂಟಂ ಆಟೋ ತಂದಿದ್ದ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡುಗಳ ಸಿಹಿ ವಾಸನೆ ದಾಟಿ, ಕಾಲುವೆ ದಾಟಿ, ಹೊಲದ ಮನೆಗೆ ಬಂದೆವು. ರಾಚವ್ವ ಅಂಗಳದಲ್ಲಿ ಕೂತಿದ್ದರು. ಸಣ್ಣ ದೇಹ, ದೊಡ್ಡ ಕುಂಕುಮ. ನಾನು ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ಬಾಯಿ ತೆಗೆಯಲು ಬಿಡಲಿಲ್ಲ. ಮೊದಲು ತಂಬಿಗೆ ನೀರು, ಬೆಲ್ಲದ ತುಂಡು. ಆಮೇಲೆ ಕೂಸು. ಅದು ಹಳೆಯ ಧೋತರದಲ್ಲಿ ಮುಷ್ಟಿ ಬಿಗಿದು ಮಲಗಿತ್ತು.

ಕಸ್ತೂರಿ ಚೀಲ ಬಿಚ್ಚಿ ತುಂಡುಗಳನ್ನು ಹರವಿದಳು. ರಾಚವ್ವ ನೋಡಿದರು, ಇಳಕಲ್ ಸೆರಗನ್ನು ಬೆರಳಿನಿಂದ ಸವರಿದರು. ಆಮೇಲೆ ಎಲ್ಲವನ್ನೂ ಮಡಿಸಿ ಚೀಲಕ್ಕೇ ಹಾಕಿದರು.

“ಚಲೋ ಅದಾವ. ಆದ್ರ ನಡಿಯೂದಿಲ್ಲವ್ವಾ.”

“ಯಾಕ್ರಿ?” ಎಂದೆ.

“ನೀವ ತಂದ ಕೊಟ್ರ ಅದು ಉಡುಗೊರಿ ಆತು. ನಾ ಬೇಡಬೇಕು, ಅವರು ತಗೋ ಅನಬೇಕು. ಬೇಡದ ಬಂದದ್ದು ಬೇಡಿದ ಅರಿಬಿ ಹೆಂಗ ಆಗತೈತಿ? ಬೇಡೂದಂತೂ ಆತು. ಇಲ್ಲ ಅಂದ್ರಲ್ಲ.”

ಗೊಲ್ಲಾಳಪ್ಪ ನನ್ನ ಮುಖ ನೋಡಿದ. ಕಸ್ತೂರಿಯೂ ನೋಡಿದಳು. ಜೋಡಿಸಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ.

“ಯಾರೂ ಇಲ್ಲ ಅಂದಿಲ್ಲರಿ ಯವ್ವಾ” ಎಂದೆ. “ಬಾಗಿಲಾ ನಂದು. ನಾ ತೆಗಿಯೂದು ತಡಾ ಮಾಡಿದೆ. ಇನ್ನೊಮ್ಮೆ ಬರ್ರಿ.”

ಅವರು ಸೆರಗು ಸರಿ ಮಾಡಿಕೊಂಡರು. ಆಮೇಲೆ ಮಗನಿಗೆ ಹೇಳಿದರು, “ಏಳ್ಸೋ ನನ್ನ. ಏರಿ ಮ್ಯಾಲ ಹೋಗೂನು.”

ಏರಿ ಅಂದರೆ ಅವರ ಕೃಷಿಹೊಂಡದ ಏರಿ. ಆ ಹೊಲದಲ್ಲಿ ವಾಟ್ಸಾಪಿಗೆ ನೆಟ್ ಸಿಗುವುದು ಅಲ್ಲಿ ಮಾತ್ರ. ಬುಧವಾರವೂ ಆ ನೋವಿನ ಕಾಲಿನಲ್ಲಿ ಅಲ್ಲಿಗೇ ಹತ್ತಿದ್ದರಂತೆ. ನಾವು ನಾಲ್ವರೂ ಹತ್ತಿದೆವು. ಹಿಂದೆ ಎರಡು ಆಡು, ಒಂದು ಹುಂಜ. ನಾನು ಆ ನಂಬರನ್ನು ಗುಂಪಿಗೆ ಮತ್ತೆ ಸೇರಿಸಿ, ತಕ್ಷಣ ಬರೆದೆ: “ರಾಚವ್ವ ಬಂದಾರ. ಬರ್ರಿ ಯವ್ವಾ.” ತಿದ್ದಲಿಲ್ಲ.

ಗೊಲ್ಲಾಳಪ್ಪ ಫೋನು ಹಿಡಿದು ಗುಂಡಿ ಒತ್ತಿದ. ರಾಚವ್ವ ಎರಡೂ ಕೈಯಲ್ಲಿ ಸೆರಗು ಅಗಲಿಸಿ ಫೋನಿನ ಮುಂದೆ ಒಡ್ಡಿದರು.

“ಯವ್ವಾ, ಬರೇ ದನಿ ಹೋಗತೈತಿ, ಸೆರಗ ಕಾಣೂದಿಲ್ಲ” ಎಂದಳು ಕಸ್ತೂರಿ.

“ಕಾಣಲಿ ಬಿಡಲಿ. ಸೆರಗ ಒಡ್ಡದ ಬೇಡಿದ್ರ ಅದು ಹುಕುಂ ಆಗತೈತಿ” ಎಂದು, ಫೋನಿಗೆ ಹೇಳಿದರು: “ನಮ್ಮ ಕೂಸಿಗೆ ಒಂದೊಂದು ತುಂಡು ಅರಿಬಿ ಬೇಡಾಕ ಬಂದೇನ್ರೆವ್ವಾ.”

ಕಳಿಸಿದೆವು. ಹೋಯಿತೆಂಬ ಬೂದು ಗುರುತು ಮೂಡಿತು. ಯಾರೋ ಬರೆಯುತ್ತಿದ್ದಾರೆ ಎಂದು ತೋರಿಸಿ ನಿಂತಿತು. ಮತ್ತೆ ತೋರಿಸಿತು, ಮತ್ತೆ ನಿಂತಿತು. ರಾಚವ್ವನ ಸೆರಗು ಗಾಳಿಗೆ ಪಟಪಟ ಅನ್ನುತ್ತಿತ್ತು, ಅವರು ಇಳಿಸಲಿಲ್ಲ. ಎಲ್ಲರೂ ನನ್ನ ಹಾಗೆಯೇ ಸರಿಯಾದ ಪದ ಹುಡುಕುತ್ತಿದ್ದಾರೆ ಎಂದು ನನಗೆ ಹೊಳೆಯಿತು. ಬೇಗ ಅನ್ನಿರೆವ್ವಾ, ಏನಾದರೂ ಅನ್ನಿ.

ಮೊದಲು ಬಂದದ್ದು ಮಿನಾಜನ ದನಿ, ಹಿಂದೆ ಮಷಿನ್ನಿನ ಸದ್ದು: “ತಗೋ ಯವ್ವಾ, ಮಿನಾಜನ ಮನಿ ಕೊಟ್ಟೈತಿ.”

ಆಮೇಲೆ ತಡೆಯಿರಲಿಲ್ಲ. “ತಗೊಳ್ರಿ, ಮುಮತಾಜನ ಮನಿ.” “ಇಟ್ಟಂಗಿಹಾಳದಿಂದ, ತಗೋ ಆಯಿ.” ಒಬ್ಬಳ ಹಿಂದೆ ಒಗ್ಗರಣೆ ಸಿಡಿಯಿತು, ಇನ್ನೊಬ್ಬಳ ಹಿಂದೆ ಬಸ್ಸಿನ ಹಾರ್ನು. ನಾನು ಚೀಟಿ ಹುಡುಕಿ ಆಯಾ ಮನೆಯ ತುಂಡನ್ನು ಸೆರಗಿಗೆ ಹಾಕುತ್ತ ಹೋದೆ. ಗೊಲ್ಲಾಳಪ್ಪ ಮೊದಲಿನ ಒಂಬತ್ತಕ್ಕೆ ಸೇರಿಸಿ ಎಣಿಸುತ್ತಿದ್ದ. “ಹದಿನೇಳು… ಹದಿನೆಂಟು… ಹತ್ತೊಂಬತ್ತು.”

“ತಡಿ” ಎಂದಳು ಕಸ್ತೂರಿ. “ಇಪ್ಪತ್ತು ನಂದು. ನನ್ನ ಮುಂದ ಒಡ್ಡು ಯವ್ವಾ.”

ರಾಚವ್ವ ಕಣ್ಣು ಕಿರಿದು ಮಾಡಿದರು. “ಕೋಳಿ ಬಿಟ್ಟಾರ ಅಂದಾಕಿ ನೀನ ಹೌದಲ್ಲ? ಸೊಸಿ ಓದಿ ಹೇಳಿದ್ಲು.”

ಕಸ್ತೂರಿ ತಲೆ ತಗ್ಗಿಸಿದಳು. “ನಾನ.”

“ಖರೇನ ಅಂದಿ. ಈ ಹುಂಜ ಬಾಯಿ ಮುಚ್ಚಲಿಲ್ಲ ಅವತ್ತು” ಎಂದು ಸೆರಗು ಒಡ್ಡಿದರು. ಕಸ್ತೂರಿ ತನ್ನ ತುಂಡು ಹಾಕುವಾಗ ಮೂಗು ಎಳೆದುಕೊಂಡದ್ದು ನನಗೆ ಕೇಳಿಸಿತು.

ಆಮೇಲೆ ಸೆರಗು ನನ್ನ ಕಡೆ ತಿರುಗಿತು. ಚೀಲ ತಡಕಾಡಿದೆ. ಮೂವತ್ನಾಲ್ಕು ಮನೆಯ ಚೀಟಿ ಬರೆದವಳು ನನ್ನ ಮನೆಯ ತುಂಡನ್ನೇ ತಂದಿರಲಿಲ್ಲ! ಕಸ್ತೂರಿ ಸೊಂಟದ ಗಂಟಿನಿಂದ ಸಣ್ಣ ಕತ್ತರಿ ತೆಗೆದು ಕೊಟ್ಟಳು. ಅಂಗಡಿಯವಳು, ಕತ್ತರಿ ಬಿಟ್ಟು ಹೊರಡುವುದಿಲ್ಲ. ನಾನು ನನ್ನ ಹಸಿರು ಓಢಣಿಯ ಅಂಚನ್ನು ಒಂದು ಗೇಣು ಕತ್ತರಿಸಿದೆ.

“ತಗೊಳ್ರಿ” ಎಂದೆ.

“ಇಪ್ಪತ್ತೊಂದು!” ಎಂದು ಗೊಲ್ಲಾಳಪ್ಪ ಕೂಗಿದ. ಆಡುಗಳು ಬೆದರಿ ಏರಿ ಇಳಿದವು. ಗುಂಪಿನಲ್ಲಿ ‘ತಗೊಳ್ರಿ’ ಇನ್ನೂ ಬರುತ್ತಲೇ ಇತ್ತು. ಉಳಿದ ಬಟ್ಟೆ ಏನು ಮಾಡುವುದು ಎಂದು ಕೇಳಿದೆ. “ಇಟ್ಕೊಂಡಿರ್ತೇನಿ. ಮುಂದ ಯಾರರೆ ಬೇಡಾಕ ಬಂದ್ರ ಬೇಕಲ್ಲ” ಎಂದರು ರಾಚವ್ವ. ಗುಂಪು ಬಿಡುವ ವಿಚಾರ ಅವರಿಗೆ ಇರಲಿಲ್ಲ. ಕೆಳಗಿಳಿದವರೇ ಚಾ ಮಾಡಿಸಿ, ಎರಡು ಕಪ್ಪು ಕುಡಿದರು.

ಸೋಮವಾರ ಫೋಟೋ ಬಂತು. ಅರ್ಧ ಹೆಬ್ಬೆರಳು, ಅರ್ಧ ತೊಟ್ಟಿಲು. ಒಂದು ಮೂಲೆಯಲ್ಲಿ ನನ್ನ ಓಢಣಿಯ ಹಸಿರು.

ಮೂರನೆಯ ನಿಯಮವನ್ನು ನಾನು ಬದಲಿಸಿದ್ದೇನೆ. ‘ಬಂದವರಿಗೆ ಮೊದಲು ಬರ್ರಿ ಅನ್ನಬೇಕು. ಯಾರು, ಏನು ಎಂದು ಕೇಳುವುದು ಆಮೇಲೆ.’ ಇದನ್ನು ಎರಡೇ ಸಲ ತಿದ್ದಿದೆ. ಆದರೂ ಅದನ್ನು ಪಾಲಿಸುವುದರಲ್ಲಿ ನಾನೇ ಹಿಂದೆ. ಮೊನ್ನೆ ಒಂದು ಹೊಸ ನಂಬರು ಬಂತು, ಮಸುಕು ಫೋಟೋ ಒಂದನ್ನು ಹಾಕಿತು. ನಾನು ‘ಬರ್ರಿ’ ಎಂದು ಬರೆದು, ‘ಅಕ್ಕಾ’ ಎನ್ನಲೋ ‘ಅಮ್ಮಾ’ ಎನ್ನಲೋ ಎಂದು ತಡವರಿಸುತ್ತಿದ್ದಾಗಲೇ, ಏರಿಯ ಮೇಲಿನಿಂದ ರಾಚವ್ವನ ದನಿ ಬಂದುಬಿಟ್ಟಿತು.

“ಬಾರವ್ವಾ, ಮೊದ್ಲ ನೀರ ಕುಡಿ.” ಹಿಂದೆಯೇ ಹುಂಜದ ಉದ್ದನೆಯ ಕೂಗು.

ಕೆಳಗೆ ಕಸ್ತೂರಿ ಬರೆದಳು: “ಹುಂಜಾನೂ ಬಾ ಅನ್ನಾಕತ್ತೈತಿ. ಕುಂದರ್ರಿ.”