ಮೂವತ್ತೊಂದು ಸಲ ಬಿದ್ದವಳು

ಫೆಬ್ರವರಿಯ ಮೊದಲ ವಾರ, ಬೆಳಿಗ್ಗೆ ಎಂಟು ಗಂಟೆ. ಜಪಾನಿನ ಸುವಾ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಉದುರಿಹೋಗುವಂಥ ಚಳಿ. ಕಾರ್ಖಾನೆಯ ಅಂಗಳದಲ್ಲಿ ರೇಡಿಯೊ ಹಾಡಿಗೆ ಕೈಕಾಲು ಆಡಿಸುವ ದಿನದ ಕಸರತ್ತು ಆಗಷ್ಟೇ ಮುಗಿದಿತ್ತು. ಯಜಮಾನ ಮೊರೊಜುಮಿ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಬಂದ. ಅವನ ಮುಖದ ಕಳೆ ನೋಡಿಯೇ ಫುಸಾಳಿಗೆ ಗೊತ್ತಾಯಿತು, ಮತ್ತೆ ಹೊಸದೊಂದು ಶುರುವಾಯಿತು ಅಂತ.

ನಲವತ್ತಮೂರು ವರ್ಷದಿಂದ ಫುಸಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು. ಮೊದಲು ಗಡಿಯಾರದ ಹಲ್ಲುಚಕ್ರ, ಆಮೇಲೆ ಅಲುಗಾಟ ಅಳೆಯುವ ಈ ಯಂತ್ರದ ಕಾಳು. ಸಾಸಿವೆಯಷ್ಟೇ ಇರುವ ಅದರೊಳಗೆ ಕೂದಲಿಗಿಂತ ಸಣ್ಣ ಎಳೆಯಲ್ಲಿ ತೂಗುವ ಒಂದು ಚೂರು. ಕಾಳು ಅಲುಗಿದರೆ ಚೂರೂ ಅಲುಗುತ್ತದೆ, ಅಲುಗಿದ್ದನ್ನು ಹೇಳುತ್ತದೆ. ಎಳೆ ಬಿರುಕು ಬಿಟ್ಟಿದೆಯೋ, ಧೂಳು ಕೂತಿದೆಯೋ ನೋಡುವುದು ಅವಳ ಕೆಲಸ. ಕಾಳು ಅದೇ, ಅದಕ್ಕೆ ಹುಡುಕುವ ಉಪಯೋಗ ಮಾತ್ರ ಎರಡು ವರ್ಷಕ್ಕೊಂದು. ಕಾರಿನ ಗಾಳಿಚೀಲಕ್ಕೆ ಅಂದರು, ಹೆಜ್ಜೆ ಎಣಿಸುವುದಕ್ಕೆ ಅಂದರು, ಮಕ್ಕಳ ಆಟಕ್ಕೆ, ಡ್ರೋನಿಗೆ. ಉತ್ತರದ ಹೊಕ್ಕೈಡೊ ದ್ವೀಪದ ಹಸುಗಳ ಕೊರಳಿಗೂ ಕಟ್ಟಿದ್ದರು, ಬೆದೆಗೆ ಬಂದದ್ದು ತಿಳಿಯಲಿ ಅಂತ. ಪ್ರತಿ ಸಲವೂ ಯಜಮಾನ, "ಇನ್ನು ಇದರದ್ದೇ ಕಾಲ" ಅನ್ನುತ್ತಿದ್ದ. ಅವನಪ್ಪನೂ ಹಾಗೇ ಅನ್ನುತ್ತಿದ್ದ.

"ಈ ಸಲ ವಯಸ್ಸಾದೋರಿಗೆ," ಅಂದ ಮೊರೊಜುಮಿ, ಪೆಟ್ಟಿಗೆಯಿಂದ ಒಂದು ಸೊಂಟಪಟ್ಟಿ ತೆಗೆದು. "ಬಿದ್ರೆ ಕೂಗುತ್ತೆ, ಎಷ್ಟು ಸಲ ಬಿದ್ರು ಅಂತ ಬರ್ಕೊಳ್ಳುತ್ತೆ. ನಗೋಯದ ಕಂಪನಿಯೋರು ಎರಡು ವಾರ ಪರೀಕ್ಷೆ ಮಾಡಿ ಕೊಡಿ ಅಂದಿದ್ದಾರೆ. ನಮ್ಮಲ್ಲೇ ಇದ್ದೀರಲ್ಲ, ಹಿರಿಯರು."

"ಹಸು ಆಯ್ತು, ಈಗ ಮುದುಕೀರು ಅನ್ನಿ," ಅಂದಳು ಕಿನು.

ಕಿನು ಪಕ್ಕದ ಮೇಜಿನವಳು, ಎಪ್ಪತ್ತಾರು ವರ್ಷ. ಫುಸಾಳಿಗೆ ಕೆಲಸ ಕಲಿಸಿದವಳೇ ಅವಳು. ಗಂಡ ತೀರಿದ ಮೇಲೆ ಈ ಮೇಜು ಬಿಟ್ಟರೆ ಬೇರೆ ಹಂಬಲ ಇಲ್ಲದವಳು. ಅವಳಿಗೆ ಪಟ್ಟಿ ಬೇಡವಾಗಿತ್ತು. ಫುಸಾಳೇ ಒಪ್ಪಿಸಿದಳು.

"ಕಟ್ಕೊಳ್ಳಿ ಕಿನು-ಸಾನ್. ಎರಡು ವಾರ ತಾನೆ? ಹಸು ಏನು ಸತ್ತೋದ್ವಾ?"

ಮೊದಲ ದಿನವೇ ಗಲಾಟೆ. ಧೂಳಿಲ್ಲದ ಕೋಣೆಗೆ ಹೋಗುವ ಮೊದಲು ಬಿಳಿ ಬೂಟು ಏರಿಸಲು ನೆಲಕ್ಕೆ ಕೂರಬೇಕು. ಉಳಿದವರು ಮೆಲ್ಲಗೆ ಕೂರುವವರು. ಕಿನು ಮೂಟೆ ಇಳಿಸಿದ ಹಾಗೆ ದೊಪ್ಪನೆ ಕೂತಳು. ಪಟ್ಟಿ ಕಿರುಚಿತು. ಮಧ್ಯಾಹ್ನ ಊಟದ ಕೋಣೆಯ ಚಾಪೆಯ ಮೇಲೆ ಕೂತಳು, ಮತ್ತೆ ಕಿರುಚಿತು. ಔಷಧದ ಚೀಲ ಹಿಡಿದು, ಕಾರ್ಖಾನೆಯಲ್ಲಿ ಗಾಯ-ನೋವು ನೋಡಿಕೊಳ್ಳುವ ಹುಡುಗ ಒಗುಚಿ ಏದುಸಿರು ಬಿಡುತ್ತ ಓಡಿಬಂದ. ಅವನಿಗೆ ತೊಂದರೆ ಕೊಟ್ಟೆನಲ್ಲ ಎಂದು ಕಿನು ಮಂಡಿಯೂರಿ, ಎರಡು ಕೈ ಚಾಪೆಗೆ ಊರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದಳು. ಪಟ್ಟಿ ಮೂರನೇ ಸಲ ಕಿರುಚಿತು.

"ಕಿನು-ಸಾನ್, ದಯವಿಟ್ಟು ಕ್ಷಮೆ ಕೇಳ್ಬೇಡಿ," ಅಂದ ಒಗುಚಿ.

"ಊಟ ಬಿಟ್ಟು ಓಡಿಬಂದಿದ್ದೀಯ. ಕೇಳ್ದೆ ಇರೋಕಾಗುತ್ತೇನಪ್ಪ?" ಎಂದು ಅವಳು ಮತ್ತೆ ಬಾಗಿದಳು. ನಾಲ್ಕು.

ಎರಡು ವಾರ ಮುಗಿಯಿತು. ನಗೋಯದಿಂದ ಕಾಗದ ಬಂತು. ಕಿನುವಿನ ಹೆಸರಿನ ಮುಂದೆ ಮೂವತ್ತೊಂದು. ಮೊರೊಜುಮಿ ಫುಸಾಳನ್ನು ಕೋಣೆಗೆ ಕರೆದ. ತಿಂಗಳಿಗೆ ಮೂರು ಸಲಕ್ಕಿಂತ ಹೆಚ್ಚು ಬಿದ್ದವರನ್ನು ಒಳಗೆ ಕೆಲಸಕ್ಕೆ ಬಿಡಬಾರದು ಎಂಬ ಕಟ್ಟಳೆ ಗೋಡೆಯ ಮೇಲೇ ಇತ್ತು. ಅವನೇ ಬರೆಸಿದ್ದು.

"ನೀವೇ ಹೇಳಿದ್ರೆ ಕಿನು-ಸಾನ್ ಬೇಜಾರು ಮಾಡ್ಕೊಳ್ಳಲ್ಲ," ಅಂದ.

"ಅವರು ಕೂತಿದ್ದು ಯಜಮಾನ್ರೆ, ಬಿದ್ದಿದ್ದಲ್ಲ."

"ನನಗೆ ಗೊತ್ತಿಲ್ವಾ? ಬೀಳೋದು ಅಂದ್ರೆ ಇಷ್ಟು ಅಂತ ಅಳತೆ ಹಾಕಿದ್ದು ಕುರ್ಚಿ ಮೇಲೆ ಕೂರೋ ದೇಶದೋರು. ಅಲ್ಲಿ ನೆಲಕ್ಕೆ ಬಂದ್ರೆ ಬಿದ್ದ ಹಾಗೇ ಲೆಕ್ಕ. ಆದ್ರೆ ಈಗ ಕಾಗದದ ಮೇಲೆ ಬಂದ್ಬಿಟ್ಟಿದೆ."

"ಕಾಗದದ ಮೇಲೆ ಬಂದ್ರೆ ಕಿನು-ಸಾನ್ ಬಿದ್ದ ಹಾಗಾಯ್ತಾ?"

ಅವನು ಹಣೆ ಉಜ್ಜಿಕೊಂಡ. ನಿಜ ಬರೆದರೆ ಪಟ್ಟಿ ಕೆಲಸಕ್ಕೆ ಬಾರದು ಎಂದಾಗುತ್ತದೆ, ಬೇಡಿಕೆ ಹೋಗುತ್ತದೆ. ಬರೆಯದಿದ್ದರೆ ಕಿನು ಹೋಗುತ್ತಾಳೆ. ಪಟ್ಟಿ ಕಟ್ಟಿಕೊಳ್ಳಲು ಕಿನುವನ್ನು ಒಪ್ಪಿಸಿದ್ದು ತಾನೇ ಎಂಬುದನ್ನು ಫುಸಾ ಮರೆತಿರಲಿಲ್ಲ.

ಮರುದಿನ ಕಿನುವಿನ ಪಟ್ಟಿಯನ್ನು ತಾನು ಕಟ್ಟಿಕೊಂಡಳು. ಕಿನು ಕೂರುವಲ್ಲೆಲ್ಲ ಕಿನುವಿನ ಹಾಗೇ ಕೂತಳು. ಸಂಜೆಗೆ ಏಳು ಸಲ ಕೂಗಿತ್ತು. ಯಜಮಾನನ ಕೋಣೆಗೆ ಹೋಗಿ ಅವನೆದುರೇ ದೊಪ್ಪನೆ ಕೂತಳು.

"ಎಂಟು," ಅಂದಳು, ಕಿರುಚಾಟ ನಿಂತ ಮೇಲೆ. "ಕಟ್ಟಳೆ ಪ್ರಕಾರ ನಾಳೆಯಿಂದ ನಾನೂ ಬರಬಾರದು. ಈ ತಿಂಗಳ ಹನ್ನೆರಡು ಸಾವಿರ ಕಾಳು ಯಾರ ಕೈಲಿ ನೋಡಿಸ್ತೀರ?"

"ಏಳಿ ಮೇಲೆ, ನೆಲ ತಣ್ಣಗಿದೆ," ಅಂದ ಮೊರೊಜುಮಿ. ಆ ವಾರವೇ ನಗೋಯಕ್ಕೆ ನಿಜ ಬರೆದ. ಅವರು ಪಟ್ಟಿಗಳನ್ನು ವಾಪಸ್ಸು ತರಿಸಿಕೊಂಡರು. ಕಿನುವಿನ ಮೇಜು ಉಳಿಯಿತು.

ಮೇಜೇನೋ ಉಳಿಯಿತು. ಆದರೆ ಮೂವತ್ತೊಂದು ಎಂಬುದು ಎಲ್ಲರ ಕಿವಿಗೆ ಬಿದ್ದಾಗಿತ್ತು. ಹುಡುಗಿಯರು ಊಟದ ಕೋಣೆಗೆ ಅವಳಿಗಂತ ಕುರ್ಚಿ ತಂದಿಟ್ಟರು. ಕಸರತ್ತಿನಲ್ಲಿ ಹಾರುವಾಗ, "ಕಿನು-ಸಾನ್, ನೀವು ಹಾರ್ಬೇಡಿ" ಅಂದರು. ಒಗುಚಿ ಅವಳ ಬೆನ್ನ ಹಿಂದೆಯೇ ಸುಳಿದಾಡುತ್ತಿದ್ದ. ಅವಳು ಬೈಯುತ್ತಿದ್ದಳು, "ಬಿದ್ದಿಲ್ಲ ಕಣ್ರೋ, ಒಂದ್ಸಲಾನೂ ಬಿದ್ದಿಲ್ಲ." ಅವರು ಹೌದು ಹೌದು ಎನ್ನುತ್ತಲೇ ಕೈ ಚಾಚುತ್ತಿದ್ದರು. ಫುಸಾಳಿಗೆ ಸಿಟ್ಟು ಬಂದು ಬಂದು ಸಾಕಾಗಿತ್ತು. ಯಂತ್ರ ಹೋದರೂ ಅದರ ಮಾತು ಹೋಗಲಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಮಾರ್ಚ್ ಮೊದಲ ವಾರ ಒಂದು ಸಂಜೆ ಇಬ್ಬರೂ ಬಾಗಿಲು ದಾಟುತ್ತಿದ್ದರು. ಮೆಟ್ಟಿಲ ಮೇಲೆ ತೆಳ್ಳಗೆ ಮಂಜು. ಕಿನು ಕಾಲು ಮುಂದಿಟ್ಟಳು. ಫುಸಾಳ ಕೈ, ಅವಳಿಗೇ ತಿಳಿಯದ ಹಾಗೆ, ಹೋಗಿ ಕಿನುವಿನ ಮೊಳಕೈ ಹಿಡಿಯಿತು.

ಕಿನು ನಿಂತಳು. ಆ ಕೈಯನ್ನು ನೋಡಿದಳು.

"ನೀನೂನಾ, ಫುಸಾ-ಚಾನ್?" ಅಂದಳು. ಬೈಗುಳವೇನೂ ಇರಲಿಲ್ಲ ಆ ಮಾತಿನಲ್ಲಿ.

ಫುಸಾ ಕೈ ತೆಗೆದಳು.

ಕಿನು ಕಾಳು ಎತ್ತುವ ತನ್ನ ಚಿಮುಟ ಒರೆಸಿಟ್ಟು, ಕೆಲಸ ಬಿಟ್ಟು ಹೊರಟಳು, ಮಾರ್ಚ್ ಹತ್ತನೇ ತಾರೀಕು, ಶುಕ್ರವಾರ.