ಬದುಕಿರುವವರ ಪಾಲು

ನನ್ನ ಅತ್ತೆ ಅಪ್ಪೊಲಿನ್ ಬಾಯಿಯನ್ನು ನಾನು ಮಾಂಯ್ ಎಂದು ಕರೆಯುವುದು. ಹಟದಲ್ಲಿ ಅವರನ್ನು ಮೀರಿಸುವವರು ಇಡೀ ಕಾವೂರಿನಲ್ಲಿ ಇಲ್ಲ. ಎರಡನೆಯ ಬಹುಮಾನ ನನಗೇ ಸಿಗಬಹುದು. ಮೂರು ವರ್ಷಗಳಿಂದ ನಮ್ಮ ಹಟವೆಲ್ಲ ಒಂದೇ ವಿಷಯಕ್ಕೆ. ನನ್ನ ಗಂಡ ವಲೇರಿಯನ್ ಬದುಕಿದ್ದಾರೆ ಎಂದು ಅವರು, ಇಲ್ಲ ಎಂದು ನಾನು.

ಇವರು ಪಣಂಬೂರಿನ ಬಂದರಿನಲ್ಲಿ ಹಡಗುಗಳನ್ನು ಎಳೆಯುವ ಟಗ್‌ನ ಇಂಜಿನ್ ನೋಡಿಕೊಂಡು ಹಾಯಾಗಿದ್ದವರು. ಮಗಳು ರೆನಿಶಾ ನರ್ಸಿಂಗ್ ಓದುತ್ತೇನೆಂದಾಗ ಗಲ್ಫಿನ ಬಾರ್ಜ್ ಒಂದಕ್ಕೆ ಕೆಲಸಕ್ಕೆ ಹೋದರು. ಬಿರುಗಾಳಿಗೆ ಆ ಬಾರ್ಜ್ ಮುಳುಗಿತು. ಕೆಲವರು ಬದುಕಿ ಬಂದರು, ಕೆಲವರ ಶವ ಬಂತು. ಇವರು ಹಾಗೂ ಬರಲಿಲ್ಲ, ಹೀಗೂ ಬರಲಿಲ್ಲ.

ಶವ ಸಿಕ್ಕವರ ಹೆಂಡತಿಯರು ಅತ್ತರು, ಹೂಳಿದರು, ಸಮಾಧಿಗೆ ಹೂವಿಟ್ಟರು. ನನಗೆ ಮಾತ್ರ ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಸಂಜೆಯ ಜಪಸರ ಮುಗಿದ ಮೇಲೆ ನಮ್ಮ ಮನೆಯಲ್ಲಿ ಪ್ರಯಾಣದಲ್ಲಿರುವವರಿಗಾಗಿ ಒಂದು ಪ್ರಾರ್ಥನೆ, ತೀರಿಹೋದವರಿಗಾಗಿ ಇನ್ನೊಂದು. ಮಾಂಯ್ ದಿನವೂ ಮಗನ ಹೆಸರನ್ನು ಮೊದಲನೆಯದಕ್ಕೆ ಸೇರಿಸುತ್ತಿದ್ದರು. ನಾನು ಎರಡಕ್ಕೂ ಬರೀ ತುಟಿ ಆಡಿಸುತ್ತಿದ್ದೆ. ಗಂಡನಿಗಾಗಿ ದೇವರಲ್ಲಿ ಏನು ಕೇಳಬೇಕೆಂದೇ ತಿಳಿಯದ ಹೆಂಗಸು ನಾನು.

ಇಗರ್ಜಿಗೆ ಹೋಗುವುದನ್ನು ಬಿಡಲಿಲ್ಲ. ಜಗಳವಾಡಲಿಕ್ಕಾದರೂ ಒಬ್ಬರು ಬೇಕಲ್ಲ. ಮರಿಯಮ್ಮನವರ ಪ್ರತಿಮೆಯ ಎದುರು ಮೊಣಕಾಲೂರಿ, ಅಮ್ಮಾ, ನಿನ್ನ ಮಗನ ಶವವಾದರೂ ನಿನ್ನ ಮಡಿಲಿಗೆ ಬಂತು, ನನಗೆ ಅಷ್ಟೂ ಕೊಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ದಬಾಯಿಸುತ್ತಿದ್ದೆ. ಅವರು ಎಂದೂ ಮುನಿಸಿಕೊಂಡಂತೆ ಕಾಣಲಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಇವರ ಆತ್ಮಕ್ಕೆ ಒಂದು ಮೃತರ ಪೂಜೆ ಮಾಡಿಸೋಣ ಎಂದು ಮಾಂಯ್ ಹತ್ತಿರ ಕೇಳಿದ್ದೆ. ಬದುಕಿರುವ ಮಗನಿಗೆ ತಾನು ಸಾವಿನ ಪೂಜೆ ಮಾಡಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಆಮೇಲೆ ಎರಡು ದಿನ ನಾನು ಮಾಡಿದ ಸಾರಿಗೆ ಉಪ್ಪು ಕಡಿಮೆಯಾಗಿತ್ತಂತೆ.

ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಬಂತು. ಮರಿಯಮ್ಮನವರ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿ, ಊಟಕ್ಕೆ ಮೊದಲು ಮನೆಯವರೆಲ್ಲ ಕುಡಿಯುವುದು. ಹಂಚುವವರು ಮನೆಯ ಹಿರಿಯರು. ಕುವೈಟಿನಲ್ಲಿರುವ ನಾದಿನಿಗೂ ಲಕೋಟೆಯಲ್ಲಿ ತೆನೆ ಹೋಗುತ್ತದೆ. ಬದುಕಿರುವವರು ಎಲ್ಲೇ ಇರಲಿ, ಪಾಲು ತಪ್ಪಬಾರದು. ಸತ್ತವರಿಗೆ ಪಾಲಿಲ್ಲ.

ವಲೇರಿಯನ್‌ಗೆ ಕಳಿಸಲು ವಿಳಾಸ ಎಲ್ಲಿದೆ? ಆದ್ದರಿಂದ ಮಾಂಯ್ ಪ್ರತಿ ವರ್ಷ ಮೇಜಿನ ಮೇಲೆ ಇವರ ಲೋಟ ತುಂಬಿಸಿಡುತ್ತಿದ್ದರು. ಈ ವರ್ಷವೂ ನಾನು ನಾಲ್ಕು ಲೋಟ ತೊಳೆದಿಟ್ಟೆ. ಬಾಳೆಲೆ ಹಾಕಿ, ಹರಿವೆ, ಬೆಂಡೆ, ಕೆಸು ಎಲ್ಲ ಬಡಿಸಿಯಾಗಿತ್ತು. ಮಾಂಯ್ ನನಗೆ ಸುರಿದರು, ರೆನಿಶಾಳಿಗೆ ಸುರಿದರು, ತನಗೆ ಸುರಿದುಕೊಂಡರು. ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

ನಾನು ಬೇಡಿಕೊಂಡಿದ್ದು ಇದನ್ನೇ ತಾನೆ? ಆದರೂ ಖಾಲಿ ಲೋಟವನ್ನು ಮಾಂಯ್ ಮುಂದಕ್ಕೆ ಸರಿಸಿದೆ.

"ಇವರಿಗೆ?" ಎಂದೆ.

ಮಾಂಯ್ ನನ್ನ ಮುಖ ನೋಡಲಿಲ್ಲ. "ಮೊನ್ನೆ ಫಾದರ್ ಹತ್ರ ಹೋಗಿದ್ದೆ. ಶನಿವಾರ ಅವನ ಆತ್ಮಕ್ಕೆ ಪೂಜೆ ಉಂಟು. ನಾನು ಹಟ ಮಾಡಿ ಕೂತಿದ್ದೇನೆ ಲಿಲ್ಲಿ, ಅವನು ಅಲ್ಲಿ ಸ್ವರ್ಗದ ಬಾಗಿಲಲ್ಲಿ ನಮ್ಮ ಒಂದು ಪ್ರಾರ್ಥನೆಗೆ ಕಾಯ್ತಾ ಇದ್ರೆ? ಮೂರು ವರ್ಷ ಕಾಯಿಸಿದೆನಾ ಅಂತ ನಿದ್ದೆ ಬರುದಿಲ್ಲ ನಂಗೆ."

ರೆನಿಶಾ ಅಜ್ಜಿಯ ಬೆನ್ನ ಮೇಲೆ ಕೈ ಇಟ್ಟಳು. ಮಾಂಯ್ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಬಾರ್ಜ್ ಮುಳುಗಿದ ಸುದ್ದಿ ಬಂದ ದಿನವೂ ಅವರು ಅತ್ತಿರಲಿಲ್ಲ. ಅವರ ಹಟ ಎಷ್ಟೋ ದಿನ ನನ್ನನ್ನು ಸುಟ್ಟಿತ್ತು. ಆದರೆ ಅದೇ ಹಟದ ಆಸರೆಯಲ್ಲಿ ನಾನು ಇಷ್ಟು ದಿನ, ಇವರು ಸತ್ತರು ಎಂದು ಧೈರ್ಯವಾಗಿ ಹೇಳಿಕೊಂಡು ತಿರುಗಿದ್ದೆ. ಇದ್ದಾರೆನ್ನುವವರು ಒಬ್ಬರು ಮನೆಯಲ್ಲಿದ್ದರೆ ಇಲ್ಲವೆನ್ನುವುದು ಬಹಳ ಸುಲಭ. ಈಗ ಆ ಒಬ್ಬರೂ ಕೈಬಿಟ್ಟಾಗ, ಇವರು ಬೇಕು, ಈಗಲೇ ಬೇಕು, ಎದುರಿನ ಕುರ್ಚಿಯಲ್ಲೇ ಬೇಕು ಎಂದು ನನ್ನ ಮೈಯೆಲ್ಲ ಕೂಗತೊಡಗಿತು.

ನನ್ನ ಲೋಟದಿಂದ ಅರ್ಧ ಹಾಲನ್ನು ಖಾಲಿ ಲೋಟಕ್ಕೆ ಸುರಿದೆ.

ಮಾಂಯ್ ತಡೆಯಲಿಲ್ಲ. ಆ ಲೋಟದ ಕಡೆ ನೋಡಿ ಕೇಳಿದರು. "ಅವನು ಇದ್ದಾನಾ ಇಲ್ವಾ ಅಂತ ದೇವರು ಕೇಳಿದ್ರೆ ಎಂತ ಹೇಳ್ತಿ?"

"ಗೊತ್ತಿಲ್ಲ ಅಂತ ಹೇಳ್ತೇನೆ ಮಾಂಯ್."

"ಹಾಗಾದ್ರೆ ಇವತ್ತು ಪ್ರಾರ್ಥನೆ ನೀನೇ ಹೇಳು," ಎಂದರು.

ಹಿರಿಯರು ಹೇಳಬೇಕಾದ ಪ್ರಾರ್ಥನೆ ಅದು. ಶಿಲುಬೆಯ ಗುರುತು ಹಾಕಿ ಶುರುಮಾಡಿದೆ. ಬಹಳ ದಿನಗಳ ಮೇಲೆ ನನ್ನ ದನಿ ನನ್ನ ಕಿವಿಗೇ ಬಿತ್ತು. ಹೊಸ ಅಕ್ಕಿಗೆ, ಮಳೆಗೆ, ಮೇಜಿನ ಸುತ್ತ ಇರುವವರಿಗೆ ಕೃತಜ್ಞತೆ ಹೇಳಿದೆ. ಇವರ ಹೆಸರು ಬಂದಾಗ ನಿಂತೆ. ಮಾಂಯ್ ಕಣ್ಣು ಮುಚ್ಚಿ ಕಾಯುತ್ತಿದ್ದರು.

ಶನಿವಾರ ಕಪ್ಪು ಸೀರೆ ಉಟ್ಟು ಇಗರ್ಜಿಗೆ ಹೋಗುತ್ತೇನೆ, ಇವರ ಆತ್ಮಕ್ಕೆ ಶಾಂತಿ ಕೇಳುತ್ತೇನೆ, ಆಮೆನ್ ಎನ್ನುತ್ತೇನೆ. ಇವರು ಬರುವುದಿಲ್ಲವೆಂದು ನನಗೆ ಗೊತ್ತು. ದೇವರಿಗಂತೂ ಗೊತ್ತೇ ಇದೆ. ಆದರೂ ನನ್ನ ಆಸೆಯನ್ನು ಅವನ ಹತ್ತಿರ ಮುಚ್ಚಿಡುವುದೇನು ಎಂದು, ಇವರು ಬರಲಿ ಎಂದೇ ಕೇಳಿದೆ.