ವಸುಧಾ ಕೊಟ್ಟ ಸಾ

ಹೆಂಡತಿಯ ಗಂಟಲು ನಂಬಿ ಕಂಪನಿ ಕಟ್ಟಿದವನು ಶಿಕಾಗೋ ಪಕ್ಕದ ಇಡೀ ಲೊಂಬಾರ್ಡ್ ಊರಿನಲ್ಲಿ ನಮ್ಮ ತಿರುಮಲೇಶ ಒಬ್ಬನೇ ಇರಬೇಕು. ಟೀವಿ ಕಾರ್ಖಾನೆಯ ಕೆಲಸ ಹೋದ ಮೇಲೆ ಗ್ಯಾರೇಜಿನಲ್ಲಿ ಸಿಂಥಸೈಸರ್ ಮಾಡಲು ಕೂತ. ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು ಅದು. ಸ್ವರಸ್ವರದ ಅಂತರವನ್ನೆಲ್ಲ ಮೀಟರು ನೋಡಿ ಕೂರಿಸುವ ಈ ಮಹಾಶಯ, ಮೊದಲ ಸ್ವರಕ್ಕೆ ಮಾತ್ರ ಅಡುಗೆಮನೆಯತ್ತ ಕೂಗುತ್ತಿದ್ದ: "ವಸೂ, ಒಂದು ಸಾ ಕೊಡೇ!" ಮೈಸೂರಿನಲ್ಲಿ ಸಂಗೀತದ ಪಾಠ ಆಗಿದ್ದ ವಸುಧಾ ಹಾಡಿದರೆ ಮುಗೀತು, ಅದೇ ವೇದವಾಕ್ಯ.

ಎಂಬತ್ತೆರಡರ ಚಳಿಗಾಲ. ಎಲ್ಲಿ ನೋಡಿದರೂ ಲೇಆಫ್. ಇದ್ದೊಬ್ಬ ಗಿರಾಕಿ, ಶಿಕಾಗೋದ ವಾದ್ಯದಂಗಡಿಯವನು, ಆ ವರ್ಷದ ಯಂತ್ರಗಳನ್ನೆಲ್ಲ ವಾಪಸು ಕಳಿಸಿದ. ಪಿಯಾನೋ ಜೊತೆ ನುಡಿಸಿದರೆ ಪ್ರತಿಯೊಂದೂ ಅರ್ಧ ಸ್ವರ ಕೆಳಗಂತೆ. "ಶನಿವಾರದೊಳಗೆ ಸರಿಮಾಡಿ ತಾ. ಯಾಕೆ ಹೀಗಾಯ್ತು ಅಂತಲೂ ಹೇಳು. ಇಲ್ಲದಿದ್ದರೆ ಇನ್ನು ಆರ್ಡರಿಲ್ಲ" ಎಂದ ಫೋನಿನಲ್ಲಿ.

ಆರ್ಡರಿಲ್ಲ ಅಂದರೆ ಕಂಪನಿಯೂ ಇಲ್ಲ. ತಿರುಮಲೇಶ ಎಲ್ಲವನ್ನೂ ಬಿಚ್ಚಿದ. ಒಂದು ಬಿಡಿಭಾಗವೂ ಕೆಟ್ಟಿರಲಿಲ್ಲ. ಕೊನೆಗೆ ಪಿಯಾನೋ ಶ್ರುತಿ ಮಾಡುವವರ ಹತ್ತಿರ, ತಟ್ಟಿದರೆ ಸದಾ ಒಂದೇ ಸ್ವರ ಕೊಡುವ ಟ್ಯೂನಿಂಗ್ ಫೋರ್ಕ್ ಇಸಕೊಂಡು ಬಂದು, ಮೂಲೆಯಲ್ಲಿದ್ದ ತನ್ನ ಮೊದಲ ಯಂತ್ರಕ್ಕೆ ಹಿಡಿದು ನೋಡಿದ. ಸರಿಯಾಗಿತ್ತು. ಮರುವರ್ಷದ್ದು ಒಂಚೂರು ಕೆಳಗೆ. ಈ ವರ್ಷದ್ದು ಅರ್ಧ ಸ್ವರ ಕೆಳಗೆ.

ಯಂತ್ರ ಇಳಿದಿರಲಿಲ್ಲ, ವಸುಧಾಳ ದನಿ ಇಳಿದಿತ್ತು! ಅಯ್ಯೋ ಪುಣ್ಯಾತ್ಮ, ಹಗಲು ಆಸ್ಪತ್ರೆಯ ಲ್ಯಾಬು, ರಾತ್ರಿ ಮೋಟೆಲಿನ ಕೌಂಟರು ಅಂತ ಹೆಂಡತಿ ಸವೆಯುತ್ತಿದ್ದರೆ, ನಡುವೆ ಅವಳು ಅನ್ನಕ್ಕಿಡುವ ಹೊತ್ತಲ್ಲೇ ಸಾ ಕೇಳುತ್ತಿದ್ದೆಯಲ್ಲೋ! ದೀಪದ ಬುಡದಲ್ಲಿ ಕತ್ತಲು ಅನ್ನೋದು ಇದಕ್ಕೇ.

ಆಗಷ್ಟೇ ಮೋಟೆಲಿನಿಂದ ಬಂದು ಕೋಟು ಬಿಚ್ಚುತ್ತಿದ್ದ ವಸುಧಾಗೆ ಹೇಳಿದ.

"ಹೌದೇನ್ರೀ?" ಅವಳ ಮುಖ ಸಣ್ಣದಾಯಿತು. "ಮೇಲಕ್ಕೆ ಎತ್ತೋಕೆ ಆಗ್ತಿರ್ಲಿಲ್ಲ. ಸಿಕ್ಕಿದ್ದನ್ನೇ ಹಾಡ್ತಿದ್ದೆ. ಹಾಡೋದು ಬಿಟ್ಟೇ ಎಷ್ಟೋ ದಿನ ಆಯ್ತು. ನನ್ನಿಂದ ನಿಮ್ಮ ಆರ್ಡರ್ ಹೋಯ್ತಲ್ಲ."

"ಆರ್ಡರ್ ಮನೆ ಹಾಳಾಗ್ಲಿ! ಕಂಪನಿ ಮುಚ್ತೀನಿ ಕಣೇ."

"ಮುಚ್ಚಿದ್ರೆ ಜೋಕೆ!" ವಸುಧಾಗೆ ಕೋಪ ನೆತ್ತಿಗೇರಿತು. "ಇಷ್ಟು ದಿನ ನಾನು ದುಡಿದಿದ್ದು ಯಾತಕ್ಕೆ ಮತ್ತೆ?" ಅಷ್ಟು ಅಂದವಳು ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟಳು. "ಸುಸ್ತಾಗಿದೆ ರೀ. ತುಂಬಾ ಸುಸ್ತಾಗಿದೆ."

ಅವಳ ತಲೆಯನ್ನು ಎದೆಗೊತ್ತಿಕೊಂಡು ತಿರುಮಲೇಶನೂ ಅತ್ತ. ಆಮೇಲೆ ಮೋಟೆಲಿಗೆ ಫೋನು ಮಾಡಿ, ನಾಳೆಯಿಂದ ಕೌಂಟರಿಗೆ ತಾನೇ ಬರುವುದಾಗಿ ಹೇಳಿದ. ಮೋಟೆಲಿನವರಿಗೆ ಯಾರಾದರೇನು, ಹೂಂ ಅಂದರು.

ಶನಿವಾರ ಮಧ್ಯಾಹ್ನ, ಫೋರ್ಕಿಗೆ ಹೊಂದಿಸಿದ ಯಂತ್ರಗಳನ್ನು ಅಂಗಡಿಯಲ್ಲಿ ಇಳಿಸಿದ. ಅಂಗಡಿಯವನು ಒಂದೊಂದನ್ನೂ ಪಿಯಾನೋ ಜೊತೆ ನುಡಿಸಿ ತಲೆದೂಗಿದ. "ಸರಿ, ಮೊದಲು ಏನಾಗಿತ್ತು? ಯಾವ ಪಾರ್ಟು ಕೈಕೊಟ್ಟಿತ್ತು?"

ದಾರಿಯುದ್ದಕ್ಕೂ ತಿರುಮಲೇಶ ಒಂದು ಪಾರ್ಟಿನ ಹೆಸರು ಉರುಹೊಡೆದಿದ್ದ. ಅದು ಬಾಯಿಗೆ ಬರಲಿಲ್ಲ.

"ಪಾರ್ಟೆಲ್ಲ ಚೆನ್ನಾಗೇ ಇತ್ತು. ಶ್ರುತಿ ಕೊಡೋಳು ನನ್ನ ಹೆಂಡತಿ. ಅವಳಿಗೆ ಸುಸ್ತಾಗಿತ್ತು, ನನಗೆ ಗೊತ್ತಾಗ್ಲಿಲ್ಲ."

ಅಂಗಡಿಯವನು ಹೊಸ ಆರ್ಡರು ಬರೆಯಲು ಪೆನ್ನು ತೆಗೆದ.

"ಈಗ ಹೇಗಿದ್ದಾರೆ?"

"ನಿದ್ದೆಯಿಂದ ಇನ್ನೂ ಎದ್ದಿಲ್ಲ!" ಅಂದ ತಿರುಮಲೇಶ, ಮಗುವಿಗೆ ರ‍್ಯಾಂಕ್ ಬಂದ ಸುದ್ದಿ ಹೇಳುವವನ ಹಾಗೆ.